ಡಬ್ಬಿ ಅಳೆದು ಬೆಲೆ ಹಾಕಿ: ವಿದೇಶಕ್ಕೆ ಮಾರುವವರಿಗೆ ಸಾಗಣೆ ವೆಚ್ಚದ ಲೆಕ್ಕ

ಕಿನ್ನಾಳದ ಮರದ ಗೊಂಬೆ, ಸಂಡೂರಿನ ಲಂಬಾಣಿ ಕಸೂತಿ, ಬಳ್ಳಾರಿಯ ಜೀನ್ಸ್. ನಮ್ಮ ಕಡೆಯಿಂದ ಎಟ್ಸಿ, ಇಬೇ, ಅಮೆಜಾನ್‌ನಂಥ ಆನ್‌ಲೈನ್ ಮಾರುಕಟ್ಟೆಗಳಲ್ಲಿ ಹೊರದೇಶಕ್ಕೆ ಮಾರಲು ಹೊರಟವರ ಕೈಯಲ್ಲಿ ಸಾಮಾನ್ಯವಾಗಿ ಈ ಮೂರರಲ್ಲಿ ಒಂದು ಇರುತ್ತದೆ. ಮಾಲು ಚೆನ್ನಾಗಿರುತ್ತದೆ, ಫೋಟೋ ಚೆನ್ನಾಗಿರುತ್ತದೆ, ಬೆಲೆಯೂ ಯೋಚಿಸಿ ಹಾಕಿದ್ದೇ. ಸಾಗಣೆ ಖರ್ಚಿನ ಖಾನೆಗೆ ಬಂದಾಗ ಮಾತ್ರ ಅಂದಾಜಿನ ಮೇಲೆ ಒಂದು ಅಂಕಿ ಬರೆದುಬಿಡುತ್ತಾರೆ. ಮೊದಲ ಆರ್ಡರ್ ಬಂದು ಕೊರಿಯರ್ ಬಿಲ್ ಕೈಗೆ ಸಿಕ್ಕಾಗಲೇ ಆ ಅಂದಾಜಿನ ಬೆಲೆ ಗೊತ್ತಾಗುವುದು.

ಈ ಲೆಕ್ಕ ಕಷ್ಟದ್ದೇನಲ್ಲ, ಆದರೆ ಅದಕ್ಕೊಂದು ಕ್ರಮ ಇದೆ. ಮೊದಲು ಡಬ್ಬಿ, ಆಮೇಲೆ ದಾರಿ, ಆಮೇಲೆ ಸುಂಕ, ಕೊನೆಗೆ ಮಾರುಕಟ್ಟೆಯ ಕಮಿಷನ್. ಕ್ರಮ ತಪ್ಪಿದರೆ ಅಂಕಿಗಳೂ ತಪ್ಪುತ್ತವೆ. ಕೆಳಗೆ ಬರುವ ಕೊರಿಯರ್ ದರಗಳನ್ನು ಲೆಕ್ಕ ತೋರಿಸಲು ಹಿಡಿದಿದ್ದೇನೆ. ನಿಮ್ಮ ದರ ನಿಮ್ಮ ಕೊಟೇಶನ್‌ನಲ್ಲಿ ಇರುತ್ತದೆ.

ಹೆಜ್ಜೆ 1: ಪ್ಯಾಕ್ ಮಾಡಿ, ಆಮೇಲೆ ಅಳೆಯಿರಿ

ಲಿಸ್ಟಿಂಗ್ (ವೆಬ್‌ಸೈಟಿನಲ್ಲಿ ಮಾಲಿನ ಪುಟ) ಹಾಕುವ ಮೊದಲೇ ಒಂದು ಮಾಲನ್ನು ಕಳಿಸುವ ಹಾಗೆಯೇ ಪೂರ್ತಿ ಪ್ಯಾಕ್ ಮಾಡಿ. ಬಬಲ್ ರ‍್ಯಾಪ್, ತುಂಬಿಸುವ ಕಾಗದ, ಹೊರಗಿನ ರಟ್ಟಿನ ಡಬ್ಬಿ, ಟೇಪು ಎಲ್ಲ ಸೇರಿ. ಬರೀ ಗೊಂಬೆಯನ್ನು ತೂಗಿ ಬರೆದ ತೂಕ ಯಾವ ಲೆಕ್ಕಕ್ಕೂ ಬರುವುದಿಲ್ಲ. ಎಲೆಕ್ಟ್ರಾನಿಕ್ ತಕ್ಕಡಿ ಮನೆಯಲ್ಲಿ ಇಲ್ಲದಿದ್ದರೆ ಹತ್ತಿರದ ಕಿರಾಣಿ ಅಂಗಡಿಯಲ್ಲಿ ತೂಗಿಸಿ. ಅಳತೆಗೆ ದರ್ಜಿಯ ಟೇಪೇ ಸಾಕು, ಆದರೆ ಸೆಂಟಿಮೀಟರ್ ಬದಿಯಿಂದ.

ಈಗ ಎರಡು ತೂಕ ಬೇಕು. ಒಂದು ತಕ್ಕಡಿ ತೋರಿಸುವ ನಿಜ ತೂಕ. ಇನ್ನೊಂದು ಕೊರಿಯರ್‌ನವರು ವಾಲ್ಯೂಮೆಟ್ರಿಕ್ ತೂಕ ಎನ್ನುವುದು, ಅಂದರೆ ಡಬ್ಬಿ ಹಿಡಿಯುವ ಜಾಗವನ್ನೇ ತೂಕವಾಗಿ ಲೆಕ್ಕ ಹಾಕಿದ್ದು. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಕಿಲೋ ಸಿಗುತ್ತದೆ. ಎಕ್ಸ್‌ಪ್ರೆಸ್ ಕೊರಿಯರ್‌ಗಳಲ್ಲಿ ಭಾಜಕ ಸಾಮಾನ್ಯವಾಗಿ 5000, ವಿಮಾನದ ಸರಕು ಸಾಗಣೆಯಲ್ಲಿ 6000. ಎರಡು ತೂಕಗಳಲ್ಲಿ ಯಾವುದು ಹೆಚ್ಚೋ ಅದಕ್ಕೇ ಬಿಲ್.

ಸಂಡೂರಿನ ಅದಿರು ಲಾರಿ ಅರ್ಧ ತುಂಬುವಷ್ಟರಲ್ಲೇ ತೂಕದ ಮಿತಿ ಮುಟ್ಟುತ್ತದೆ; ರಾಯಚೂರಿನ ಹತ್ತಿ ಲಾರಿಯಲ್ಲಿ ಜಾಗ ಮುಗಿದರೂ ತೂಕ ಉಳಿದಿರುತ್ತದೆ. ವಿಮಾನದವನಿಗೆ ಎರಡರಿಂದಲೂ ದುಡ್ಡು ಹುಟ್ಟಬೇಕು, ಅದಕ್ಕೇ ಈ ಲೆಕ್ಕ.

ಕಿನ್ನಾಳದ ಗೊಂಬೆ ಹತ್ತಿಯ ಜಾತಿಗೆ ಸೇರಿದ್ದು. ಮರವೇ ಹಗುರ, ಮೇಲಿನ ಲೇಪ, ಬಣ್ಣ ಸೇರಿದರೂ ಭಾರ ಬರುವುದಿಲ್ಲ. ಆದರೆ ಕೈ, ಕಿರೀಟ, ರೆಕ್ಕೆಗಳು ಮುರಿಯಬಾರದೆಂದು ಸುತ್ತ ತುಂಬುವುದು ಜಾಸ್ತಿ. ಪ್ಯಾಕ್ ಆದ ಮೇಲೆ 1.1 ಕಿಲೋ ತೂಗುವ ಒಂದು ಗೊಂಬೆ 30 × 25 × 20 ಸೆಂ.ಮೀ. ಡಬ್ಬಿಯಲ್ಲಿದೆ ಎನ್ನಿ. 15,000ವನ್ನು 5000ದಿಂದ ಭಾಗಿಸಿದರೆ 3 ಕಿಲೋ. ಕೌಂಟರಿನಲ್ಲಿ ಈ ಮಾತು ಎಷ್ಟು ಸಲ ನಡೆದಿದೆಯೋ: “ಒಂದು ಕಿಲೋ ಐತ್ರಿ, ಮೂರು ಕಿಲೋದ್ದು ಯಾಕ ತಗೋತೀರಿ?” “ಡಬ್ಬಿ ದೊಡ್ಡದೈತಲ್ರೀ.”

ಇಷ್ಟಕ್ಕೇ ಮುಗಿಯಲಿಲ್ಲ. ಒಳಗೆ ಒತ್ತಿ ತುಂಬಿದ ಡಬ್ಬಿ ಹೊಟ್ಟೆ ಉಬ್ಬಿಸುತ್ತದೆ. ಪ್ರತಿ ಬದಿಗೂ ಒಂದೇ ಸೆಂ.ಮೀ. ಉಬ್ಬಿ 31 × 26 × 21 ಆದರೆ ಲೆಕ್ಕ 3.39 ಕಿಲೋಗೆ ಹೋಗುತ್ತದೆ. ಕೊರಿಯರ್‌ನವರು ಸಾಮಾನ್ಯವಾಗಿ ಅರ್ಧ ಕಿಲೋಗಳ ಮೆಟ್ಟಿಲಲ್ಲಿ ಮೇಲಕ್ಕೆ ಏರಿಸುವುದರಿಂದ ಬಿಲ್ 3.5 ಕಿಲೋಗೆ ಬರುತ್ತದೆ. ಅದೇ ಗೊಂಬೆಯನ್ನು ಅದರ ಅಳತೆಗೇ ಹೊಂದುವ 25 × 18 × 16ರ ಡಬ್ಬಿಯಲ್ಲಿ ಕೂರಿಸಿದರೆ 1.44, ಅಂದರೆ 1.5 ಕಿಲೋ. ಹಾಗಾಗಿ ಮಾಲಿಗೆ ತಕ್ಕ ಡಬ್ಬಿಯನ್ನು ರಟ್ಟಿನವರ ಹತ್ತಿರ ಮಾಡಿಸಿಕೊಳ್ಳುವುದೇ ಇಡೀ ವ್ಯವಹಾರದಲ್ಲಿ ಅತಿ ಅಗ್ಗದ ಉಳಿತಾಯ ಎಂದು ನನ್ನ ಲೆಕ್ಕ. ಅಂಗಡಿಯಲ್ಲಿ ಬಿದ್ದಿದ್ದ ಬಿಸ್ಕತ್ತಿನ ಡಬ್ಬಿ ಪುಕ್ಕಟೆ ಸಿಕ್ಕರೂ ತುಟ್ಟಿ.

ಜೀನ್ಸ್‌ಗೆ ಈ ತಾಪತ್ರಯ ಕಡಿಮೆ. ಮೂರು ಪ್ಯಾಂಟ್ ಒತ್ತಿ ಮಡಚಿ 34 × 28 × 12ರ ಪೊಟ್ಟಣ ಮಾಡಿದರೆ ಜಾಗದ ತೂಕ 2.28, ತಕ್ಕಡಿಯ ತೂಕವೂ ಎರಡು ಕಿಲೋ ಆಸುಪಾಸಿನಲ್ಲೇ ಇರುತ್ತದೆ. ಕಸೂತಿಯ ದಿಂಬಿನ ಗವಸು ಇನ್ನೂ ಸುಲಭ: 30 × 25 × 3ರ ಕವರಿನಲ್ಲಿ 0.45, ಅರ್ಧ ಕಿಲೋದೊಳಗೆ ಬಂತು. ಕನ್ನಡಿ ತುಣುಕುಗಳು ಒಂದಕ್ಕೊಂದು ಉಜ್ಜದ ಹಾಗೆ ನಡುವೆ ತೆಳು ಕಾಗದ ಇಟ್ಟರೆ ಸಾಕು, ಡಬ್ಬಿಯೇ ಬೇಡ.

ನಮ್ಮ ಬೇಸಿಗೆಗೆ ಒಂದು ಮಾತು. ಏಪ್ರಿಲ್, ಮೇಯಲ್ಲಿ ಅಗ್ಗದ ಟೇಪಿನ ಅಂಟು ಸಡಿಲಾಗುತ್ತದೆ. ಹೊಸದಾಗಿ ಬಣ್ಣ ಹಚ್ಚಿದ ಮರಕ್ಕೆ ಬಬಲ್ ರ‍್ಯಾಪ್ ನೇರ ತಾಗಿದರೆ ಗುಳ್ಳೆಗಳ ಗುರುತು ಮೂಡುತ್ತದೆ. ಮೊದಲು ಬಟರ್ ಪೇಪರ್ ಸುತ್ತಿ, ಆಮೇಲೆ ಬಬಲ್ ರ‍್ಯಾಪ್.

ಹೆಜ್ಜೆ 2: ಅಂಚೆಯೋ ಕೊರಿಯರೋ

2 ಕಿಲೋದೊಳಗಿನ ಹಗುರ ಮಾಲಿಗೆ ಮೊದಲು ಅಂಚೆಯ ದರ ನೋಡಿ. ಭಾರತೀಯ ಅಂಚೆಯ ಇಂಟರ್‌ನ್ಯಾಷನಲ್ ಟ್ರ್ಯಾಕ್ಡ್ ಪ್ಯಾಕೆಟ್ ಸೇವೆ ಇಂಥ ಸಣ್ಣ ಮಾರಾಟಗಾರರಿಗಾಗಿಯೇ ಇರುವುದು. ದೇಶವಾರು ದರ ಅಂಚೆ ಇಲಾಖೆಯ ವೆಬ್‌ಸೈಟಿನ ಕ್ಯಾಲ್ಕುಲೇಟರ್‌ನಲ್ಲಿ ಸಿಗುತ್ತದೆ. ಸಣ್ಣ ಪ್ಯಾಕೆಟ್‌ಗೆ ಗಾತ್ರದ ಮಿತಿ ಇದೆ: ಉದ್ದ, ಅಗಲ, ಎತ್ತರ ಕೂಡಿದರೆ 90 ಸೆಂ.ಮೀ. ಮೀರಬಾರದು, ಯಾವ ಬದಿಯೂ 60 ದಾಟಬಾರದು. ಅವಸರ ಇದ್ದರೆ, ತೂಕ ಹೆಚ್ಚಿದ್ದರೆ ಇಂಟರ್‌ನ್ಯಾಷನಲ್ ಸ್ಪೀಡ್ ಪೋಸ್ಟ್.

2022ರಿಂದ ಆಯ್ದ ಅಂಚೆ ಕಚೇರಿಗಳಲ್ಲಿ ‘ಡಾಕ್ ಘರ್ ನಿರ್ಯಾತ್ ಕೇಂದ್ರ’ಗಳು ಬಂದಿವೆ. ರಫ್ತಿನ ಪೋಸ್ಟಲ್ ಬಿಲ್ಲನ್ನು (ಅಂಚೆಯಲ್ಲಿ ಹೋಗುವ ಮಾಲಿನ ಕಸ್ಟಮ್ಸ್ ಘೋಷಣೆ) ಮನೆಯಲ್ಲೇ ಕೂತು ಆನ್‌ಲೈನ್ ತುಂಬಿ, ಪಾರ್ಸೆಲ್ ಕೊಟ್ಟು ಬರಬಹುದು. ಮಧ್ಯೆ ಕಸ್ಟಮ್ಸ್ ಏಜೆಂಟನ ಖರ್ಚಿಲ್ಲ. ನಿಮ್ಮ ಊರಿನ ಪ್ರಧಾನ ಅಂಚೆ ಕಚೇರಿಯಲ್ಲಿ ಹತ್ತಿರದ ಕೇಂದ್ರ ಎಲ್ಲಿದೆ ಎಂದು ಕೇಳಿ ಬನ್ನಿ.

ಡಿಎಚ್‌ಎಲ್, ಫೆಡೆಕ್ಸ್‌ನಂಥವರು ವೇಗ. ಆದರೆ ಬಳ್ಳಾರಿ, ಕೊಪ್ಪಳದಲ್ಲಿ ಬಹುತೇಕ ಬುಕಿಂಗ್ ಆಗುವುದು ಊರಿನ ಫ್ರಾಂಚೈಸಿ ಅಥವಾ ಅಗ್ರಿಗೇಟರ್ (ಹಲವು ಕೊರಿಯರ್‌ಗಳ ಬುಕಿಂಗ್ ಒಂದೇ ಕಡೆ ಮಾಡಿಕೊಡುವ ಕಂಪನಿ) ಮೂಲಕ. ಮಾಲು ಮೊದಲು ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಅಲ್ಲಿಂದ ಹಾರುತ್ತದೆ. ಆ ಮೊದಲ ದಾರಿಯ ದುಡ್ಡು ಕೊಟೇಶನ್‌ನಲ್ಲಿ ಸೇರಿದೆಯೇ, ಬೇರೆಯೇ ಎಂದು ಕೇಳಲೇಬೇಕು. ವಾರಕ್ಕೆ ಹತ್ತು ಹದಿನೈದು ಪಾರ್ಸೆಲ್ ಇರುವವರು ಎಲ್ಲವನ್ನೂ ಒಂದೇ ಚೀಲದಲ್ಲಿ ಬಸ್ಸಿನ ಪಾರ್ಸೆಲ್ ಮಾಡಿ ಬೆಂಗಳೂರಿನ ಪರಿಚಯಸ್ಥರಿಂದ ಬುಕ್ ಮಾಡಿಸುವುದೂ ಉಂಟು. ಆಗ ಬಸ್ಸಿನ ಬಾಡಿಗೆ, ಆಟೋ ಖರ್ಚುಗಳನ್ನು ಪಾರ್ಸೆಲ್‌ಗಳಿಗೆ ಹಂಚಿ ಲೆಕ್ಕದಲ್ಲಿ ಹಾಕಿ. ಎರಡು ಪಾರ್ಸೆಲ್‌ಗಾಗಿ ಈ ಸರ್ಕಸ್ ಬೇಡ.

ಹೆಜ್ಜೆ 3: ಕೊಟೇಶನ್‌ನ ಕೊನೆಯ ಸಾಲು

ಫೋನಿನಲ್ಲಿ ಹೇಳುವ ದರ ಬಹಳ ಸಲ ಮೂಲ ದರ ಅಷ್ಟೇ. ಅದರ ಮೇಲೆ ಇಂಧನ ಸರ್ಚಾರ್ಜ್ ಕೂರುತ್ತದೆ; ಕಂಪನಿಯ ಮೇಲೆ ಅವಲಂಬಿಸಿ ವಾರಕ್ಕೋ ತಿಂಗಳಿಗೋ ಬದಲಾಗುವ ಶೇಕಡಾವಾರು ಅದು. ಕೊಳ್ಳುವವರ ಊರು ದೂರದ ಪ್ರದೇಶದ ಪಟ್ಟಿಯಲ್ಲಿದ್ದರೆ ರಿಮೋಟ್ ಏರಿಯಾ ಶುಲ್ಕ. ವಿಳಾಸ ತಪ್ಪಿದ್ದರೆ ತಿದ್ದುವುದಕ್ಕೂ ಶುಲ್ಕ. ಇವೆಲ್ಲದರ ಮೇಲೆ ಶೇ 18 ಜಿಎಸ್‌ಟಿ.

1.5 ಕಿಲೋ ಗೊಂಬೆಯ ಡಬ್ಬಿಗೆ ಮೂಲ ದರ 2,400 ರೂಪಾಯಿ, ಇಂಧನ ಶೇ 25 ಎಂದು ಹಿಡಿಯೋಣ. 2,400ಕ್ಕೆ 600 ಕೂಡಿ 3,000. ಜಿಎಸ್‌ಟಿ 540. ಒಟ್ಟು 3,540. ಅದೇ ಗೊಂಬೆ 3 ಕಿಲೋ ಡಬ್ಬಿಯಲ್ಲಿ, ಮೂಲ ದರ 3,900 ಎಂದಿಟ್ಟುಕೊಂಡರೆ, 975 ಇಂಧನ ಸೇರಿ 4,875; ಜಿಎಸ್‌ಟಿ 877.50 ಸೇರಿ 5,752.50. ಡಬ್ಬಿ ಬದಲಿಸಿದ್ದಕ್ಕೆ 2,212.50 ರೂಪಾಯಿ ವ್ಯತ್ಯಾಸ. ಗೊಂಬೆ ತಯಾರಿಸಲು ಕೊಟ್ಟ ಹಣಕ್ಕಿಂತ ಇದೇ ಹೆಚ್ಚಾಗುವ ಸಂದರ್ಭಗಳು ಬೇಕಾದಷ್ಟಿವೆ.

ಜಿಎಸ್‌ಟಿ ನೋಂದಣಿ ಇದ್ದವರಿಗೆ ಆ 540 ರೂಪಾಯಿ ಖರ್ಚಾಗಿ ಉಳಿಯಬೇಕಿಲ್ಲ. ರಫ್ತು ಶೂನ್ಯ ದರದ ಪೂರೈಕೆ, ಹಾಗಾಗಿ ಇನ್‌ಪುಟ್ ಕ್ರೆಡಿಟ್ಟನ್ನು (ಖರ್ಚಿನ ಮೇಲೆ ನೀವು ಕಟ್ಟಿದ ಜಿಎಸ್‌ಟಿಯನ್ನು) ಮರುಪಾವತಿಯಾಗಿ ಕೇಳಬಹುದು. ಬಿಲ್ ಮಾತ್ರ ನಿಮ್ಮ ಜಿಎಸ್‌ಟಿ ಸಂಖ್ಯೆಯ ಮೇಲೇ ಆಗಬೇಕು. ಊರಿನ ಏಜೆಂಟ್ ಬಿಳಿ ಚೀಟಿಯಲ್ಲಿ ಬರೆದುಕೊಟ್ಟರೆ ಕ್ರೆಡಿಟ್ ಮರೆತುಬಿಡಿ.

ಪ್ಯಾಕಿಂಗ್‌ಗೆ 120 ರೂಪಾಯಿ ಸೇರಿಸಿ. ಈಗ ನಮ್ಮ ಅಂಕಿ 3,660.

ಹೆಜ್ಜೆ 4: ಆ ದೇಶದ ಬಾಗಿಲಲ್ಲಿ ಏನು ಕಟ್ಟಬೇಕು

ಇಲ್ಲಿ ಎರಡು ಪದ್ಧತಿ. ಡಿಡಿಪಿ ಎಂದರೆ ಸುಂಕವನ್ನು ಮಾರುವವರೇ ಮುಂಗಡ ಕಟ್ಟುವುದು. ಡಿಡಿಯು ಅಥವಾ ಡಿಎಪಿ ಎಂದರೆ ಪಾರ್ಸೆಲ್ ತಲುಪುವಾಗ ಕೊಳ್ಳುವವರು ಕಟ್ಟುವುದು. ಎರಡನೆಯದು ನಿಮಗೆ ಅಗ್ಗವೆಂದು ಕಾಣುತ್ತದೆ. ಆದರೆ ಬಾಗಿಲಲ್ಲಿ ಅನಿರೀಕ್ಷಿತ ಬಿಲ್ ನೋಡಿದ ಗ್ರಾಹಕರು ಪಾರ್ಸೆಲ್ ಬೇಡವೆಂದರೆ ವಾಪಸ್ಸಿನ ಖರ್ಚು ನಿಮ್ಮದೇ, ಕೆಟ್ಟ ರಿವ್ಯೂ ಬೇರೆ. ಡಿಡಿಪಿಯಲ್ಲೂ ಸುಂಕ ಮುಂಗಡ ಕಟ್ಟಿದ್ದಕ್ಕೆ ಕೊರಿಯರ್‌ನವರ ಪ್ರತ್ಯೇಕ ಶುಲ್ಕ ಇರುತ್ತದೆ, ಕೇಳಿಕೊಳ್ಳಿ.

ಅಮೆರಿಕ: 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಇದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ರಿಂದ ನಿಂತಿದೆ. ಆ ಸಮಯದಲ್ಲಿ ನಮ್ಮ ಅಂಚೆಯೂ ಅಲ್ಲಿಗೆ ಬುಕಿಂಗ್ ನಿಲ್ಲಿಸಿ, ಅಕ್ಟೋಬರ್‌ನಲ್ಲಿ ಸುಂಕ ಮುಂಗಡ ಕಟ್ಟುವ ಪದ್ಧತಿಯೊಂದಿಗೆ ಮತ್ತೆ ಶುರು ಮಾಡಿತು. ಹಳೆಯ ಯೂಟ್ಯೂಬ್ ವಿಡಿಯೋಗಳು ಇಂದಿಗೂ 800 ಡಾಲರ್ ಫ್ರೀ ಎಂದೇ ಹೇಳುತ್ತಿವೆ, ನಂಬಬೇಡಿ. ಅಲ್ಲಿನ ಸುಂಕದ ದರ ರಾಜಕೀಯದ ಜೊತೆ ಏರಿಳಿಯುತ್ತಿರುವುದರಿಂದ ಬುಕ್ ಮಾಡುವ ದಿನವೇ ಕೇಳಿ ತಿಳಿಯಬೇಕು.

ಯುರೋಪಿಯನ್ ಒಕ್ಕೂಟ: 2021ರ ಜುಲೈ 1ರಿಂದ ಎಷ್ಟೇ ಸಣ್ಣ ಪಾರ್ಸೆಲ್ ಆದರೂ ವ್ಯಾಟ್ (ನಮ್ಮ ಜಿಎಸ್‌ಟಿಯಂಥ ತೆರಿಗೆ) ಇದೆ. ಸರಕಿನ ಮೌಲ್ಯ 150 ಯೂರೊ ಒಳಗಿದ್ದರೆ ಮಾರುಕಟ್ಟೆಯ ವೆಬ್‌ಸೈಟೇ ಗ್ರಾಹಕರಿಂದ ವ್ಯಾಟ್ ಹಿಡಿದು ಐಒಎಸ್‌ಎಸ್ ಪದ್ಧತಿಯಲ್ಲಿ ಕಟ್ಟುತ್ತದೆ. ಆ ಐಒಎಸ್‌ಎಸ್ ಸಂಖ್ಯೆಯನ್ನು ಬುಕಿಂಗ್ ವೇಳೆ ಕೊರಿಯರ್‌ನ ಇಲ್ಲವೇ ಅಂಚೆಯ ಎಲೆಕ್ಟ್ರಾನಿಕ್ ವಿವರದಲ್ಲಿ ತುಂಬುವುದು ನಿಮ್ಮ ಕೆಲಸ. ತುಂಬದಿದ್ದರೆ ಜರ್ಮನಿಯ ಗ್ರಾಹಕರು ಶೇ 19 ವ್ಯಾಟನ್ನು ಎರಡು ಸಲ ಕಟ್ಟುವ ಪಾಡು ಬರುತ್ತದೆ. ಬ್ರಿಟನ್ನಿನಲ್ಲಿ ಇದೇ ರೀತಿಯ ಗಡಿ 135 ಪೌಂಡ್, ವ್ಯಾಟ್ ಶೇ 20. ಆಸ್ಟ್ರೇಲಿಯಾದಲ್ಲಿ 1,000 ಆಸ್ಟ್ರೇಲಿಯನ್ ಡಾಲರ್, ಜಿಎಸ್‌ಟಿ ಶೇ 10. ಅದನ್ನೂ ದೊಡ್ಡ ಮಾರುಕಟ್ಟೆಗಳೇ ಹಿಡಿಯುತ್ತವೆ.

ಸುಂಕ ಯಾವ ಮೊತ್ತದ ಮೇಲೆ ಎಂಬುದೂ ಮುಖ್ಯ. ಅಮೆರಿಕ ಸರಕಿನ ಬೆಲೆಯ ಮೇಲಷ್ಟೇ ಲೆಕ್ಕ ಹಾಕುತ್ತದೆ. ಯುರೋಪು, ಬ್ರಿಟನ್ನುಗಳು ಸಾಗಣೆ ಮತ್ತು ವಿಮೆಯನ್ನೂ ಸೇರಿಸಿ ಲೆಕ್ಕ ಹಾಕುತ್ತವೆ. 60 ಯೂರೊ ಗೊಂಬೆಗೆ 40 ಯೂರೊ ಸಾಗಣೆಯಾದರೆ ಜರ್ಮನಿಯಲ್ಲಿ ವ್ಯಾಟ್ 100ರ ಮೇಲೆ, ಅಂದರೆ 19 ಯೂರೊ. ಡಬ್ಬಿ ದೊಡ್ಡದಾದರೆ ಗ್ರಾಹಕರ ತೆರಿಗೆಯೂ ದೊಡ್ಡದಾಗುತ್ತದೆ.

ಸುಂಕದ ದರ ಹುಡುಕಲು ಎಚ್‌ಎಸ್ ಕೋಡ್ ಬೇಕು, ಅಂದರೆ ಕಸ್ಟಮ್ಸ್‌ನಲ್ಲಿ ಪ್ರತಿ ಬಗೆಯ ಸರಕಿಗೆ ಇರುವ ಸಂಖ್ಯೆ. ಗಂಡಸರ ಹತ್ತಿ ಜೀನ್ಸ್ 6203.42, ಹೆಂಗಸರದ್ದು 6204.62. ದಿಂಬಿನ ಗವಸಿನಂಥ ಅಲಂಕಾರದ ಬಟ್ಟೆ 6304. ಗೊಂಬೆಗೆ ಮಾತ್ರ ಸ್ವಲ್ಪ ನಿಂತು ಯೋಚಿಸಿ. ಆಟಿಕೆ ಎಂದರೆ 9503, ಮರದ ಅಲಂಕಾರದ ಮೂರ್ತಿ ಎಂದರೆ 4420. ಮಕ್ಕಳ ಆಟಿಕೆ ಎಂದು ಬರೆದರೆ ಅಮೆರಿಕದಲ್ಲೂ ಯುರೋಪಿನಲ್ಲೂ ಆಟಿಕೆ ಸುರಕ್ಷತೆಯ ಪರೀಕ್ಷೆ, ಪ್ರಮಾಣಪತ್ರ ಬೇಕು. ಶೋಕೇಸಿನಲ್ಲಿ ಇಡುವ ಗರುಡ, ಗಣಪ, ಗೌರಿ ಆಟಿಕೆಗಳಲ್ಲ. ಲಿಸ್ಟಿಂಗ್‌ನಲ್ಲೂ ಕಸ್ಟಮ್ಸ್ ಚೀಟಿಯಲ್ಲೂ ‘ಹ್ಯಾಂಡ್‌ಪೇಂಟೆಡ್ ವುಡನ್ ಫಿಗರಿನ್’ ಎಂದೇ ಬರೆಯಿರಿ. ಲಿಸ್ಟಿಂಗ್‌ನಲ್ಲಿ ‘ಮಕ್ಕಳಿಗೆ ಉಡುಗೊರೆ’ ಎಂದು ಹಾಕಿ ಚೀಟಿಯಲ್ಲಿ ಅಲಂಕಾರದ ವಸ್ತು ಎಂದರೆ ಸಿಕ್ಕಿಬೀಳುತ್ತೀರಿ.

ಎರಡು ಎಚ್ಚರಿಕೆ. ಲಂಬಾಣಿ ಕಸೂತಿಯಲ್ಲಿ ಕವಡೆ ಇದ್ದರೆ ಅದು ಪ್ರಾಣಿಜನ್ಯ ವಸ್ತು. ಅಮೆರಿಕ ಸೇರಿ ಕೆಲವು ದೇಶಗಳಲ್ಲಿ ವನ್ಯಜೀವಿ ಇಲಾಖೆಯ ಪ್ರತ್ಯೇಕ ವಿಧಿಗಳಿವೆ. ಹೊರದೇಶದ ಆರ್ಡರ್‌ಗೆ ಕವಡೆ ಇಲ್ಲದ ವಿನ್ಯಾಸ ಇಡುವುದು ಲೇಸು. ಆಸ್ಟ್ರೇಲಿಯಾದವರು ಮರದ ವಸ್ತುವಿನಲ್ಲಿ ಹುಳು, ತೊಗಟೆ ಇದೆಯೇ ಎಂದು ತೆರೆದು ನೋಡುತ್ತಾರೆ. ಸಂಶಯ ಬಂದರೆ ಸಂಸ್ಕರಣೆಯ ಖರ್ಚು ಪಾರ್ಸೆಲ್‌ನ ಮೇಲೆ ಬೀಳುತ್ತದೆ.

‘ಗಿಫ್ಟ್ ಅಂತ ಬರೀರಿ, ಬೆಲೆ ಕಡಿಮೆ ಹಾಕ್ರಿ’ ಎಂದು ಕೇಳುವ ಗ್ರಾಹಕರು ಇದ್ದೇ ಇರುತ್ತಾರೆ. ಮಾಡಬೇಡಿ. ಕಾನೂನಿಗೆ ವಿರುದ್ಧ ಎಂಬುದು ಒಂದು. ಪಾರ್ಸೆಲ್ ಕಳೆದರೆ ವಿಮೆಯೂ ಆ ಕಡಿಮೆ ಬೆಲೆಗೇ ಸಿಗುತ್ತದೆ, ಬ್ಯಾಂಕಿಗೆ ಬಂದ ಡಾಲರ್‌ಗೂ ರಫ್ತಿನ ಬಿಲ್ಲಿಗೂ ತಾಳೆಯಾಗುವುದಿಲ್ಲ.

ಹೆಜ್ಜೆ 5: ಸಾಗಣೆಯ ಮೇಲೂ ಕಮಿಷನ್

ಹೊಸಬರು ಹೆಚ್ಚಾಗಿ ಕೈ ಸುಟ್ಟುಕೊಳ್ಳುವ ಜಾಗ ಇದು. ಎಟ್ಸಿಯ ಶೇ 6.5 ವಹಿವಾಟು ಶುಲ್ಕ ಮಾಲಿನ ಬೆಲೆಯ ಮೇಲಷ್ಟೇ ಅಲ್ಲ, ನೀವು ಹಾಕಿದ ಸಾಗಣೆ ಮೊತ್ತದ ಮೇಲೂ ಬೀಳುತ್ತದೆ. ಇಬೇ, ಅಮೆಜಾನ್‌ಗಳದ್ದೂ ಇದೇ ರೀತಿ. ಹಣ ಪಾವತಿಯ ಶುಲ್ಕ ಇನ್ನೊಂದು.

ಎಲ್ಲ ಸೇರಿ ಶೇ 10 ಹೋಗುತ್ತದೆ ಎನ್ನಿ. 3,660ಕ್ಕೆ ಶೇ 10 ಕೂಡಿ 4,026 ಹಾಕಿದರೆ ಸರಿಹೋಗುತ್ತದೆಂದು ಅನಿಸುತ್ತದೆ. ಆದರೆ ಅವರು ಮುರಿದುಕೊಳ್ಳುವುದು 4,026ರ ಮೇಲೆ, 402.60. ಉಳಿದದ್ದು 3,623.40, ಪಾರ್ಸೆಲ್‌ಗೆ ಸುಮಾರು 37 ರೂಪಾಯಿ ಕೈಯಿಂದ. ಕೂಡುವ ಬದಲು ಭಾಗಿಸಬೇಕು: 3,660ನ್ನು 0.90ರಿಂದ ಭಾಗಿಸಿದರೆ 4,067.

ಇನ್ನು ಡಾಲರ್ ರೂಪಾಯಿಯಾಗುವಾಗಿನ ಸೋರಿಕೆ. ಗೂಗಲ್ ತೋರಿಸುವ ದರ ನಿಮಗೆ ಸಿಗುವುದಿಲ್ಲ. ಪಾವತಿ ಕಂಪನಿ ತನ್ನ ಪಾಲು ಇಟ್ಟುಕೊಂಡೇ ಪರಿವರ್ತಿಸುತ್ತದೆ. ಅದನ್ನು ಶೇ 3 ಎಂದು ಹಿಡಿದು 4,067ನ್ನು 0.97ರಿಂದ ಭಾಗಿಸಿ: 4,193. ಡಾಲರ್‌ಗೆ 90 ರೂಪಾಯಿ ಲೆಕ್ಕದಲ್ಲಿ 46.59. ಲಿಸ್ಟಿಂಗ್‌ನಲ್ಲಿ 47 ಡಾಲರ್.

ಹೆಜ್ಜೆ 6: ಶಿಪ್ಪಿಂಗ್ ಪ್ರೊಫೈಲ್ ತುಂಬುವುದು

ಶಿಪ್ಪಿಂಗ್ ಪ್ರೊಫೈಲ್ ಎಂದರೆ ಮಾರುಕಟ್ಟೆಯ ವೆಬ್‌ಸೈಟಿನಲ್ಲಿ ದೇಶವಾರು ಸಾಗಣೆ ದರ ತುಂಬುವ ಪುಟ. ಅಲ್ಲಿ ಜಗತ್ತಿಗೆಲ್ಲ ಒಂದೇ ದರ ಹಾಕಬೇಡಿ. ಕೊಲ್ಲಿ ರಾಷ್ಟ್ರಗಳು, ಸಿಂಗಾಪುರ ಹತ್ತಿರದ ಗುಂಪು, ಯುರೋಪು, ಬ್ರಿಟನ್ ಒಂದು, ಅಮೆರಿಕ, ಕೆನಡಾ ಒಂದು, ಆಸ್ಟ್ರೇಲಿಯಾ ಬೇರೆ. ಸರಿಯಾಗಿ ಕೊಟೇಶನ್ ತೆಗೆದಿರದ ದೇಶಗಳನ್ನು ಪಟ್ಟಿಯಿಂದಲೇ ತೆಗೆದುಹಾಕಿ. ಆರ್ಡರ್ ಬಂದ ಮೇಲೆ ರದ್ದು ಮಾಡುವುದಕ್ಕಿಂತ ಇದು ಮೇಲು.

‘ಹೆಚ್ಚುವರಿ ವಸ್ತು’ ಎಂಬ ಖಾನೆಯನ್ನು ಖಾಲಿ ಬಿಡುವವರೂ, ಅಲ್ಲಿ ಮೊದಲನೆಯದರ ದರವನ್ನೇ ಬರೆಯುವವರೂ ಇದ್ದಾರೆ. ಎರಡೂ ನಷ್ಟವೇ. ಎರಡು ಗವಸು ಒಟ್ಟಿಗೆ ಹೋದರೆ ಅರ್ಧ ಕಿಲೋದ ಮೆಟ್ಟಿಲಿನಿಂದ ಒಂದು ಕಿಲೋಗೆ ಏರುತ್ತದೆ. ಆ ಎರಡು ದರಗಳ ವ್ಯತ್ಯಾಸವೇ ಹೆಚ್ಚುವರಿ ವಸ್ತುವಿನ ದರ. ಎರಡು, ಮೂರು ಗವಸುಗಳನ್ನು ನಿಜವಾಗಿ ಕಟ್ಟಿ ಅಳೆದು ನೋಡಿ. ಮೂರನೆಯದೂ ಅದೇ ಮೆಟ್ಟಿಲಲ್ಲಿ ಕೂತರೆ ಮೂರರ ಸೆಟ್ ಮಾರುವುದೇ ಲಾಭ.

ಫ್ರೀ ಶಿಪ್ಪಿಂಗ್ ಹಾಕಬೇಕೇ? ಹಗುರವಾದ ಕಸೂತಿಗೆ ಹಾಕಿ, ಗೊಂಬೆಗೆ ಬೇಡ ಎಂಬುದು ನನ್ನ ಅಭಿಪ್ರಾಯ. ಸಾಗಣೆಯನ್ನು ಬೆಲೆಯೊಳಗೆ ಸೇರಿಸಿದಾಗ ಸರಕಿನ ಬೆಲೆಯೇ ಉಬ್ಬಿದಂತೆ ಕಾಣುತ್ತದೆ. ಯುರೋಪಿನ 150 ಯೂರೊ ಗಡಿಯಲ್ಲಿ, ಇನ್‌ವಾಯ್ಸ್‌ನಲ್ಲಿ ಬೇರೆಯಾಗಿ ತೋರಿಸಿದ ಸಾಗಣೆ ಲೆಕ್ಕಕ್ಕಿಲ್ಲ. 120 ಯೂರೊ ಮಾಲು, 40 ಯೂರೊ ಸಾಗಣೆ ಎಂದು ಬೇರೆ ಬರೆದರೆ ಗಡಿಯೊಳಗೆ. 160 ಯೂರೊ, ಸಾಗಣೆ ಉಚಿತ ಎಂದರೆ ಗಡಿಯಾಚೆ.

ಹೆಜ್ಜೆ 7: ಕಾಗದಪತ್ರ

ಡಿಜಿಎಫ್‌ಟಿ (ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಪೋರ್ಟಲ್‌ನಲ್ಲಿ ಐಇಸಿ, ಅಂದರೆ ಆಮದು-ರಫ್ತು ಮಾಡುವವರ ಸಂಖ್ಯೆ; ಶುಲ್ಕ 500 ರೂಪಾಯಿ. ಪ್ರತಿ ವರ್ಷ ಏಪ್ರಿಲ್–ಜೂನ್ ಒಳಗೆ ವಿವರ ಅಪ್‌ಡೇಟ್ ಮಾಡಬೇಕು. ಬ್ಯಾಂಕಿನಿಂದ ಎಡಿ ಕೋಡ್, ಅಂದರೆ ರಫ್ತಿನ ಹಣ ಬರುವ ಬ್ಯಾಂಕ್ ಶಾಖೆಯನ್ನು ಕಸ್ಟಮ್ಸ್‌ಗೆ ಗುರುತಿಸುವ ಸಂಖ್ಯೆ. ಜಿಎಸ್‌ಟಿ ಇರುವವರು ಪ್ರತಿ ಹಣಕಾಸು ವರ್ಷಕ್ಕೆ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಹಾಕಿದರೆ ರಫ್ತಿನ ಮೇಲಿನ ಐಜಿಎಸ್‌ಟಿ ಕಟ್ಟದೆಯೇ ಕಳಿಸಬಹುದು. ಕೊರಿಯರ್‌ನಲ್ಲಿ ವ್ಯಾಪಾರದ ಮಾಲಿಗೆ ಸಿಎಸ್‌ಬಿ-5 ಎಂಬ ಕಸ್ಟಮ್ಸ್ ಬಿಲ್ಲೇ ಆಗಬೇಕು. ಗಿಫ್ಟ್, ಸ್ಯಾಂಪಲ್‌ಗಿರುವ ಸಿಎಸ್‌ಬಿ-4ರಲ್ಲಿ ಏಜೆಂಟ್ ಕಳಿಸಿಬಿಟ್ಟರೆ ರಫ್ತಿನ ದಾಖಲೆ ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ. ದರ ಕೇಳುವಾಗಲೇ ಯಾವ ಬಿಲ್ಲಿನದ್ದು ಎಂದು ಕೇಳಿ, ಏಕೆಂದರೆ ಅಗ್ಗದ ಕೊಟೇಶನ್ ಬಹಳ ಸಲ ನಾಲ್ಕರದ್ದಾಗಿರುತ್ತದೆ.

ಹೆಜ್ಜೆ 8: ಕಳಿಸಿದ ಮೇಲೆ ಬರುವ ಬಿಲ್

ಒಡೆದದ್ದು, ಕಳೆದದ್ದು, ವಾಪಸ್ ಬಂದದ್ದು ಇದ್ದದ್ದೇ. 1,400 ರೂಪಾಯಿಯ ಗೊಂಬೆ, 3,660ರ ಸಾಗಣೆ ಸೇರಿ ಒಂದು ಪಾರ್ಸೆಲ್ ಹೋದರೆ 5,060 ನಷ್ಟ. ನಲವತ್ತರಲ್ಲಿ ಒಂದು ಹೀಗಾಗುತ್ತದೆ ಎಂದು ಹಿಡಿದರೆ ಪ್ರತಿ ಆರ್ಡರ್‌ಗೆ 126 ರೂಪಾಯಿ ಎತ್ತಿಡಬೇಕು. ಅದನ್ನು ಮಾಲಿನ ಬೆಲೆಯಲ್ಲಿ ಸೇರಿಸಿ, ಸಾಗಣೆಯಲ್ಲಿ ಬೇಡ. ಸಾಗಣೆ ಮೊತ್ತ ದೊಡ್ಡದಾಗಿ ಕಂಡರೆ ಗ್ರಾಹಕರು ಕಾರ್ಟ್ ಬಿಟ್ಟು ಹೋಗುತ್ತಾರೆ.

ಇನ್ನೊಂದು, ಕೊರಿಯರ್ ಹಬ್‌ನಲ್ಲಿ ಯಂತ್ರ ಮತ್ತೆ ಅಳೆಯುತ್ತದೆ. ನೀವು 1.5 ಕಿಲೋ ಎಂದು ಬುಕ್ ಮಾಡಿದ್ದು ಅಲ್ಲಿ 2 ಆಗಿ, ವಾರ ಕಳೆದ ಮೇಲೆ ವ್ಯತ್ಯಾಸದ ಬಿಲ್ ಬರುತ್ತದೆ. ಅಗ್ರಿಗೇಟರ್ ಆದರೆ ನೀವು ಮುಂಗಡ ತುಂಬಿಟ್ಟ ವ್ಯಾಲೆಟ್‌ನಿಂದ ಹೇಳದೆ ಕೇಳದೆ ಕಡಿತ. ಡಬ್ಬಿ ಮುಚ್ಚಿದ ಕೂಡಲೇ ನಾಲ್ಕು ಫೋಟೋ ತೆಗೆಯಿರಿ: ಮೂರು ಬದಿಗೂ ಟೇಪು ಹಿಡಿದು ಒಂದೊಂದು, ತಕ್ಕಡಿಯ ಅಂಕಿಯೂ ಪಾರ್ಸೆಲ್‌ನ ಲೇಬಲ್ಲೂ ಒಟ್ಟಿಗೆ ಕಾಣುವಂತೆ ಒಂದು. ತಕರಾರು ಹಾಕಲು ಕೆಲವೇ ದಿನಗಳ ಗಡುವು ಕೊಟ್ಟಿರುತ್ತಾರೆ, ಹಾಗಾಗಿ ವ್ಯಾಲೆಟ್ಟಿನ ಲೆಕ್ಕವನ್ನು ವಾರಕ್ಕೊಮ್ಮೆ ತೆರೆದು ಆರ್ಡರ್ ಸಂಖ್ಯೆಯ ಎದುರು ತಾಳೆ ನೋಡಿ. ಒಂದೇ ಅಳತೆಯ ಡಬ್ಬಿಗೆ ಮತ್ತೆ ಮತ್ತೆ ಹೆಚ್ಚು ತೂಕ ಬರುತ್ತಿದ್ದರೆ ತಕರಾರು ಹಾಕುವ ಮೊದಲು ಆ ಡಬ್ಬಿಯ ಹೊಟ್ಟೆ ಎಷ್ಟು ಉಬ್ಬುತ್ತಿದೆ ಎಂದು ಅಳೆಯಿರಿ. ಅರ್ಧ ಹಿಡಿ ಕಾಗದ ಕಡಿಮೆ ತುಂಬಿದರೆ ಹಲವು ಸಲ ಸರಿಹೋಗುತ್ತದೆ.